ಹತ್ತುವಾಗಲೋ, ಇಳಿಯುವಾಗಲೋ?

ಮುಂಬಯಿಯಲ್ಲಿ ಒಬ್ಬರ ವಯಸ್ಸು ತಿಳಿಯಲು ಆಧಾರ್ ಕಾರ್ಡ್ ಬೇಕಾಗಿಲ್ಲ. ದಾದರ್ ಸ್ಟೇಷನ್ನಿನ ಸೇತುವೆಯ ಬುಡದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಮೂವತ್ತರೊಳಗಿನವರು ಮೆಟ್ಟಿಲನ್ನು ನೋಡುವುದೇ ಇಲ್ಲ, ಮೊಬೈಲು ನೋಡುತ್ತ ಹತ್ತುತ್ತಾರೆ. ನಲವತ್ತು ದಾಟಿದವರು ಒಮ್ಮೆ ತಲೆಯೆತ್ತಿ ಕಣ್ಣಲ್ಲೇ ಅಳೆದು ಹತ್ತುತ್ತಾರೆ. ಐವತ್ತರವರು ಯಾರಿಗೂ ಗೊತ್ತಾಗದ ಹಾಗೆ ಕಂಬಿಯ ಬದಿಗೆ ಸರಿಯುತ್ತಾರೆ. ಅರವತ್ತು ದಾಟಿದವರಿಗೆ ಎಸ್ಕಲೇಟರು ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿದೆ, ಇವತ್ತು ನಡೆಯುತ್ತಿದೆಯೋ ಕೆಟ್ಟು ಕೂತಿದೆಯೋ, ಅದರ ಎದುರಿಗೇ ಬಂದು ನಿಲ್ಲುವ ಡಬ್ಬಿ ಎಷ್ಟನೆಯದು ಎಂಬುದೆಲ್ಲ ಬಾಯಿಪಾಠ. ನಾನು ಈ ಕೊನೆಯ ಗುಂಪಿಗೆ ಬಡ್ತಿ ಪಡೆದು ಕೆಲ ಕಾಲವಾಯಿತು. ಬ್ಯಾಂಕಿನಲ್ಲಿ ಇಷ್ಟು ಸಲೀಸಾಗಿ ಬಡ್ತಿ ಸಿಕ್ಕಿದ್ದಿಲ್ಲ.

ಕನ್ನಡಿಗರ ಮುಂಬಯಿಯಂತೂ ಬಹುಪಾಲು ಮೆಟ್ಟಿಲ ಮೇಲೆಯೇ ಇದೆ. ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದು ಮೊದಲ ಮಹಡಿಯಲ್ಲಿ. ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು, ಮತ್ತೆ ಬೋರ್ಡಿಂಗಿನ ಮೆಟ್ಟಿಲು ಹತ್ತಿ, ಬಾಳೆಲೆಯ ಮುಂದೆ ಕೂತು ಸಾರು, ಹುಳಿ, ಮಜ್ಜಿಗೆ ಎಲ್ಲ ಮುಗಿಸಿ, ಆ ಹೊಟ್ಟೆಯ ಭಾರವನ್ನೂ ಅದೇ ಎರಡು ಮಂಡಿಗಳ ಮೇಲೆ ಹೇರಿಕೊಂಡು ಇಳಿಯಬೇಕು. ಇನ್ನು ನಾವಿರುವ ಡೊಂಬಿವಲಿಯಲ್ಲಿ ಲಿಫ್ಟಿಲ್ಲದ ಹಳೆಯ ಬಿಲ್ಡಿಂಗುಗಳಿಗೆ ಬರವಿಲ್ಲ. ಮನೆ ಬುಕ್ ಮಾಡುವಾಗ ನನಗೂ ನನ್ನಾಕೆಗೂ ಮೂವತ್ತರ ಆಸುಪಾಸಿನ ಪ್ರಾಯ. ಮೂರನೆಯ ಮಹಡಿಯಾದರೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ಹಠ ಹಿಡಿದು ತೆಗೆದುಕೊಂಡೆವು. ಗಾಳಿ ಈಗಲೂ ಹೊತ್ತಿಗೆ ಸರಿಯಾಗಿ ಬರುತ್ತದೆ. ನಾವು ಬರುವುದು ತಡ.

ಮಂಡಿಗೆ ಈ ಊರಿನಲ್ಲಿ ರಾಜಮರ್ಯಾದೆ ಸಿಕ್ಕಿದ್ದು 2000ದ ಅಕ್ಟೋಬರಿನಲ್ಲಿ. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಎಡಮಂಡಿಯ ಕೀಲು ಬದಲಿಸಿಕೊಳ್ಳಲು ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ಬಂದರು. ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್ ಶಸ್ತ್ರಚಿಕಿತ್ಸೆ ಮಾಡಿದರು. ಮರುವರ್ಷ ಜೂನಿನಲ್ಲಿ ಬಲಮಂಡಿಯ ಸರದಿ. ಅದಾದ ಮುಂದಿನ ತಿಂಗಳೇ ಅವರು ಆಗ್ರಾದಲ್ಲಿ ಪಾಕಿಸ್ತಾನದ ಮುಷರಫರ ಎದುರು ಮಾತುಕತೆಗೆ ಕೂತಿದ್ದರು. ಅಲ್ಲಿಯ ತನಕ ನಮ್ಮ ಲೋಕಲ್ ಡಬ್ಬಿಯಲ್ಲಿ ಮಂಡಿನೋವೆಂದರೆ ಎಳ್ಳೆಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಸುಮ್ಮನಾಗುವ ಸಂಗತಿ. ಆಮೇಲೆ ನಾಲ್ಕನೆಯ ಸೀಟಿನಲ್ಲಿ ಅರ್ಧ ಕೂತು ಅರ್ಧ ಜೋತು ಪ್ರಯಾಣ ಮಾಡುವವನೂ “ಅಟಲ್‌ಜೀ ಹಾಗೆ ಬದಲಿಸಿಬಿಡಿ ಸಾಹೇಬ್” ಎಂದು ಸಲಹೆ ಕೊಡತೊಡಗಿದ. ಬದಲಿಸುವುದಕ್ಕೆ ಮೊದಲು ಕೆಟ್ಟಿದ್ದೇನು ಎಂದು ನೋಡಬೇಕಲ್ಲ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆ ಮಾತು ಆಡಿದವರು ನಮ್ಮ ಆರ್ಥೋಪೆಡಿಕ್ ಡಾಕ್ಟರು. ಮರಾಠಿಯವರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಪ್ರಶ್ನೆ: “ಕಾಕಾ, ಜಿನಾ ಚಢತಾನಾ ದುಖತಂ ಕೀ ಉತರತಾನಾ?” ನೋವು ಮೆಟ್ಟಿಲು ಹತ್ತುವಾಗಲೋ, ಇಳಿಯುವಾಗಲೋ? ನಾನು ಇಳಿಯುವಾಗ ಎಂದೆ. ಅವರ ಮುಖ ಗೆಲುವಾಯಿತು. ಇಳಿಯುವಾಗ ಮಂಡಿಚಿಪ್ಪು ತೊಡೆಯೆಲುಬಿನ ಮೇಲೆ ದೇಹದ ತೂಕದ ಸುಮಾರು ಮೂರು ಪಟ್ಟು ಒತ್ತುತ್ತದಂತೆ; ಆದ್ದರಿಂದ ಇಳಿಯುವವರ ನೋವು ಹೆಚ್ಚಾಗಿ ಚಿಪ್ಪಿನ ಹಿಂಬದಿಯದು. ಆಮೇಲೆ ಮಂಚದ ಮೇಲೆ ಮಲಗಿಸಿ, ಚಿಪ್ಪನ್ನು ಬೆರಳಿನಿಂದ ಅದುಮಿ ಒಳಗೆ ನೀರು ತುಂಬಿದೆಯೇ ನೋಡಿದರು. ಕಾಲು ಮಡಚಿ, ಪಾದ ಹಿಡಿದು ಒಳಕ್ಕೂ ಹೊರಕ್ಕೂ ತಿರುಗಿಸುತ್ತ ಮೆಲ್ಲನೆ ಬಿಡಿಸಿದರು. ಇದಕ್ಕೆ ಮ್ಯಾಕ್‌ಮರಿ ಪರೀಕ್ಷೆ ಎನ್ನುತ್ತಾರೆ. ಇನ್ನೊಂದು ಅಂಗೈ ಮಂಡಿಯ ಮೇಲೆಯೇ ಇತ್ತು. ಒಳಗೆ ಜರಜರ ಎಂದದ್ದು ನನಗೆ ಕೇಳಿತು, ಅವರ ಅಂಗೈಗೆ ತಿಳಿಯಿತು. ಮಂಡಿಯನ್ನು ಕೈಯಿಂದ ಮುಟ್ಟಿ ನೋಡುವ ಡಾಕ್ಟರರು ಸಿಕ್ಕುವುದೂ ಈಗ ಒಂದು ಭಾಗ್ಯ. ಬೇರೊಂದು ಕಡೆ ನಾನು ಪ್ಯಾಂಟಿನ ಕಾಲು ಮಡಚುವ ಮೊದಲೇ ಎಮ್ಮಾರೈ ಚೀಟಿ ಬರೆದು ಕೊಟ್ಟಿದ್ದರು.

ಮಂಡಿಯ ಒಳಗಿನ ವ್ಯವಹಾರ ವಿಚಿತ್ರವಾದದ್ದು. ಎಲುಬಿನ ತುದಿಗೆ ಹೊದಿಸಿದ ಬಿಳಿಯ ನುಣುಪು ಪದರವೇ ಕಾರ್ಟಿಲೇಜು, ಪಠ್ಯಪುಸ್ತಕದ ಮೃದ್ವಸ್ಥಿ. ದೇಹದಲ್ಲೇ ಅತಿ ದಪ್ಪನೆಯ ಪದರ ಇರುವುದು ಮಂಡಿಚಿಪ್ಪಿನ ಹಿಂದೆ. ಅತಿ ದಪ್ಪ ಎಂದರೂ ಐದು ಮಿಲಿಮೀಟರಿನ ಆಸುಪಾಸು. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ರಕ್ತವಿಲ್ಲದ್ದರಿಂದ ಗಾಯವಾದರೆ ಮಾಯುವುದಿಲ್ಲ. ನರವಿಲ್ಲದ್ದರಿಂದ ಗಾಯವಾದದ್ದೇ ತಿಳಿಯುವುದಿಲ್ಲ. ಅದು ಸವೆದು ಸವೆದು ಕೆಳಗಿನ ಎಲುಬಿಗೋ, ಸುತ್ತಲಿನ ಪೊರೆಗೋ ತಾಪ ತಟ್ಟಿದಾಗಲೇ ನೋವು. ಅದರ ಜತೆಗೆ ಎರಡು ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ, ಮೆನಿಸ್ಕಸ್ ಅಂತ. ಶಿವಾಜಿ ಪಾರ್ಕಿನಲ್ಲಿ ಆಡುವ ಹುಡುಗರು ಕಾಲು ನೆಟ್ಟು ಮೈ ತಿರುಗಿಸಿದಾಗ ಹರಿಯುವುದು ಇದೇ. 1948ರಿಂದ ಇಲ್ಲಿ ಕಾಂಗಾ ಲೀಗ್ ಎಂದು ಸುರಿಯುವ ಮಳೆಗಾಲದಲ್ಲೇ ಕ್ರಿಕೆಟ್ ಆಡಿಸುತ್ತಾರೆ. ಕೆಸರಿನಲ್ಲಿ ಬೌಲರ್ ಓಡಿಬರುವುದನ್ನು ನೋಡುವಾಗ ನನಗೆ ವಿಕೆಟ್ಟಿಗಿಂತ ಆ ಮೆತ್ತೆಗಳದೇ ಚಿಂತೆ.

ಮೊದಲು ಎಕ್ಸ್‌ರೇ. ಅದರಲ್ಲಿ ಕಾರ್ಟಿಲೇಜು ಕಾಣುವುದೇ ಇಲ್ಲ. ಕಾರ್ಟಿಲೇಜು ಇರಬೇಕಾದ ಜಾಗ ಕಾಣುತ್ತದೆ, ಎರಡು ಎಲುಬುಗಳ ನಡುವಿನ ಕಪ್ಪು ಸಂದು. ಅದಕ್ಕೇ ನಿಲ್ಲಿಸಿ ತೆಗೆಯಬೇಕು. ಮಲಗಿದ ಮನುಷ್ಯನ ಮಂಡಿಯ ಮೇಲೆ ಭಾರವಿಲ್ಲ, ಸಂದು ಧಾರಾಳವಾಗಿ ಕಾಣುತ್ತದೆ. ಎದ್ದು ನಿಂತ ಕೂಡಲೇ ನಿಜಸ್ಥಿತಿ ಹೊರಬೀಳುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಮುದುಕರು ಪಾಪ ಅಂತ ಮಲಗಿಸಿಯೇ ತೆಗೆದು ಕಳಿಸುತ್ತಾರೆ. ದಯೆ ಇರಬೇಕು ನಿಜ, ಆದರೆ ಎಕ್ಸ್‌ರೇ ಕೋಣೆಯ ಹೊರಗೆ ಇರಲಿ. ಆ ಸಂದನ್ನೂ ಎಲುಬಿನ ಅಂಚಿನಲ್ಲಿ ಮೂಡುವ ಮುಳ್ಳುಗಳನ್ನೂ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿಯನ್ನು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಹಾಕಿಕೊಟ್ಟರು. ಹೆಚ್ಚು ಅಂಕ ಬಂದಷ್ಟೂ ಹೆಚ್ಚು ಕೇಡು. ನನಗೆ ಒಂದು ಬಂತು. ಶಾಲೆಯಲ್ಲಿ ಒಂದು ಅಂಕಕ್ಕೆ ಇಷ್ಟು ಸಂತೋಷಪಟ್ಟದ್ದು ನೆನಪಿಲ್ಲ.

ಆದರೆ ನೀರು ತುಂಬಿತ್ತು, ಒಮ್ಮೊಮ್ಮೆ ಕಾಲು ಕೈಕೊಡುತ್ತಲೂ ಇತ್ತು. ಹಾಗಾಗಿ ಎಮ್ಮಾರೈ ಆಗಿಬಿಡಲಿ ಎಂದರು ಡಾಕ್ಟರು. ನಮಗೆ ಸಿಕ್ಕಿದ್ದು ರಾತ್ರಿ ಹತ್ತರ ಸರದಿ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಮೈಮೇಲಿನ ಲೋಹ ಕಳಚುವ ಕೆಲಸದಲ್ಲಿದ್ದರು. ಗಡಿಯಾರ, ಬೆಲ್ಟು, ಕಿವಿಯೋಲೆ, ಕಾಲುಂಗುರ, ಬ್ಯಾಂಕಿನ ಕಾರ್ಡು. ನನ್ನ ಮುಂದಿದ್ದ ಹಿರಿಯರೊಬ್ಬರು ಎಲ್ಲ ಕೊಟ್ಟು ಮುಗಿಯಿತೆಂದು ಒಳಗೆ ಹೊರಟರೆ, ಟೆಕ್ನಿಷಿಯನ್ ಹುಡುಗಿ ಮತ್ತೆ ಕೂಗಿ ನಿಲ್ಲಿಸಿದಳು. ಜನಿವಾರದಲ್ಲಿ ಕಪಾಟಿನ ಬೀಗದ ಕೈಯೂ ಒಂದು ಸೇಫ್ಟಿಪಿನ್ನೂ ಇದ್ದವು. “ಪಿನ್ನು ಯಾಕೆ ಬಾಬಾ?” “ಬೇಕಾಗುತ್ತದೆ.” ಅಷ್ಟೇ ಉತ್ತರ. ಬೀಗದ ಕೈ ಬಿಚ್ಚಿ ಹೆಂಡತಿಗೆ ಕೊಡುವಾಗ ಅವರ ಮುಖದಲ್ಲಿ ಆಪರೇಷನ್ನಿಗೆ ಹೊರಟವರ ಕಳವಳವಿತ್ತು.

ಆ ಹುಡುಗಿಯ ಗದರಿಕೆಗೆ ಕಾರಣವುಂಟು. ಯಂತ್ರದೊಳಗಿನ ಅಯಸ್ಕಾಂತಕ್ಕೆ ರಾತ್ರಿ ಹಗಲೆಂಬುದಿಲ್ಲ, ಸ್ಕ್ಯಾನ್ ನಡೆಯದಾಗಲೂ ಅದು ಜಾಗೃತ. 2018ರ ಜನವರಿಯಲ್ಲಿ ಇದೇ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜತೆ ಬಂದ ಬಂಧುವೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಕಾಲಿಟ್ಟು, ಸಿಲಿಂಡರಿನೊಂದಿಗೆ ಯಂತ್ರಕ್ಕೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಸಾಧಾರಣ ಎಮ್ಮಾರೈಯ ಶಕ್ತಿ 1.5 ಟೆಸ್ಲಾ, ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಸೆಳೆತದ ಸುಮಾರು ಮೂವತ್ತು ಸಾವಿರ ಪಟ್ಟು. ಮೈಯೊಳಗಿನ ನೀರಿನ ಹೈಡ್ರೋಜನ್ ಕಣಗಳನ್ನು ಅದು ಒಂದೇ ದಿಕ್ಕಿಗೆ ಸಾಲು ನಿಲ್ಲಿಸುತ್ತದೆ, ರೇಡಿಯೊ ಅಲೆ ಬಿಟ್ಟು ಸಾಲು ಕೆಡಿಸುತ್ತದೆ, ಅವು ಮರಳಿ ಸಾಲಿಗೆ ಬರುವಾಗ ಹೊರಡಿಸುವ ಸದ್ದಿಲ್ಲದ ಸಂಕೇತ ಕೇಳಿ ಚಿತ್ರ ಬರೆಯುತ್ತದೆ. ಕಾರ್ಟಿಲೇಜಿನ ಮುಕ್ಕಾಲು ಪಾಲು ನೀರೇ ಆದ್ದರಿಂದ ಎಕ್ಸ್‌ರೇಗೆ ಸಿಕ್ಕದ್ದು ಇದಕ್ಕೆ ಸಿಕ್ಕುತ್ತದೆ. ಈ ವಿದ್ಯೆಗೆ 2003ರಲ್ಲಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬ ಇಬ್ಬರು ವಿಜ್ಞಾನಿಗಳಿಗೆ ನೊಬೆಲ್ ಬಂತು.

ಮಂಡಿಯ ಸ್ಕ್ಯಾನಿಗೆ ಕಾಲು ಮುಂದಾಗಿ ಒಳಗೆ ಹೋಗಬೇಕು, ತಲೆ ಹೊರಗೇ ಉಳಿಯುತ್ತದೆ. ಮಂಡಿಗೆ ಒಂದು ಪ್ಲಾಸ್ಟಿಕ್ ಪಂಜರ ತೊಡಿಸಿ, ಅಲುಗಬೇಡಿ ಎಂದಳು ಹುಡುಗಿ. ಅಷ್ಟೊತ್ತಿನ ತನಕ ನೆನಪೇ ಇರದಿದ್ದ ಹಿಮ್ಮಡಿಯ ತುರಿಕೆ ಆಗಲೇ ಶುರುವಾಯಿತು. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಕಿಶೋರ್ ಕುಮಾರ್ ಹಾಡುತ್ತಿದ್ದಿರಬೇಕು. ಟಕಟಕ, ಡುರ್ರ್, ಠಣ್ ಠಣ್ ನಡುವೆ ಅವನ ಒಂದೆರಡು ಅಕ್ಷರ ಮಾತ್ರ ಕಿವಿಗೆ ಬಿತ್ತು. ಹತ್ತಿಪ್ಪತ್ತು ವರ್ಷ ಸೆಂಟ್ರಲ್ ಲೈನಿನಲ್ಲಿ ನಿಂತೇ ನಿದ್ದೆ ಮಾಡಿದವನಿಗೆ ಇದೇನು ಮಹಾ? ಅರ್ಧಕ್ಕೆ ಬರುವಷ್ಟರಲ್ಲಿ ಗೊರಕೆ ಹೊಡೆದೆನಂತೆ. ಮಂಡಿ ಅಲುಗಲಿಲ್ಲ, ಹಾಗಾಗಿ ಕ್ಷಮಿಸಿದಳು.

ಮಾರನೆಯ ಸಂಜೆ ದೊಡ್ಡ ಲಕೋಟೆ ಮನೆಗೆ ಬಂತು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎರಡನೆಯ ಮಹಡಿಯ ಜೋಶಿ ಕಾಕೂ, ಪಕ್ಕದ ಮನೆಯ ಗುಜರಾತಿ ಬೆನ್, ಸೊಸೈಟಿಯ ಸೆಕ್ರೆಟರಿ, ಎಲ್ಲರ ಕಣ್ಣಿಗೂ ಅದು ಬಿದ್ದಾಗಿತ್ತು. ರಿಪೋರ್ಟಿನ ತುಂಬ ಇಂಗ್ಲಿಷು. ಮೀಡಿಯಲ್ ಮೆನಿಸ್ಕಸ್ಸಿನ ಹಿಂಭಾಗದಲ್ಲಿ ಗ್ರೇಡ್ ಟೂ, ಚಿಪ್ಪಿನ ಕಾರ್ಟಿಲೇಜಿನಲ್ಲಿ ಗ್ರೇಡ್ ತ್ರೀ, ಅಲ್ಲಿ ಎಡಿಮಾ, ಇಲ್ಲಿ ಎಫ್ಯೂಷನ್. ನನ್ನಾಕೆ ಫೋಟೊ ತೆಗೆದು ಬೆಂಗಳೂರಿನ ಅವಳ ತಮ್ಮನಿಗೆ ಕಳಿಸಿದಳು. ಅವನು ಕಂಪ್ಯೂಟರ್ ಇಂಜಿನಿಯರು. “ಭಾವ, ಇದು ಸರ್ಜರಿ ಕೇಸು” ಎಂದು ಹತ್ತು ನಿಮಿಷದಲ್ಲಿ ತೀರ್ಪು ಬಂತು. ಮೆನಿಸ್ಕಸ್ಸಿನ ಗ್ರೇಡ್ ಟೂ ಎಂದರೆ ಹರಿದಿಲ್ಲ, ಒಳಗೊಳಗೇ ಹಳತಾಗಿದೆ ಎಂದಷ್ಟೇ ಅರ್ಥ. ಹೊರಮೈ ತನಕ ಗೆರೆ ತಲುಪಿದ ಗ್ರೇಡ್ ತ್ರೀಯೇ ಹರಿದದ್ದು. ಕಾರ್ಟಿಲೇಜಿನ ಗ್ರೇಡುಗಳ ಲೆಕ್ಕವೇ ಬೇರೆ, ಅದು 1961ರಲ್ಲಿ ಔಟರ್‌ಬ್ರಿಜ್ ಎಂಬ ಕೆನಡಾದ ವೈದ್ಯ ಹಾಕಿದ ದಾರಿಯದು. ಒಂದೇ ಮಂಡಿಯಲ್ಲಿ ಮೂರು ಬಗೆಯ ಮಾರ್ಕ್ಸ್ ಕಾರ್ಡು ಇಟ್ಟರೆ ಪಾಪ ಭಾವಮೈದುನ ಏನು ಮಾಡಿಯಾನು?

ಇಂಥ ಪ್ರತಿಯೊಂದು ರಿಪೋರ್ಟಿನ ಕೊನೆಯಲ್ಲೂ ಒಂದು ಸಾಲು ಇರುತ್ತದೆ: ವೈದ್ಯರ ತಪಾಸಣೆಯೊಂದಿಗೆ ತಾಳೆ ನೋಡಿಕೊಳ್ಳಿ. ಯಾರೂ ಓದುವುದಿಲ್ಲ. ಬ್ಯಾಂಕಿನಲ್ಲಿ ಸವೆದ ನನಗೆ ಇಡೀ ರಿಪೋರ್ಟಿನಲ್ಲಿ ಅರ್ಥವಾದದ್ದು ಅದೊಂದೇ ಸಾಲು, ಮತ್ತು ಮುಖ್ಯವೆನಿಸಿದ್ದೂ ಅದೇ. ಚಿತ್ರ ಒಂದು ಕಡೆಯ ಲೆಕ್ಕ. ಮೆಟ್ಟಿಲು ಇಳಿಯುವ ಮನುಷ್ಯ ಇನ್ನೊಂದು ಕಡೆಯ ಲೆಕ್ಕ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಐವತ್ತರಿಂದ ತೊಂಬತ್ತು ವಯಸ್ಸಿನ 991 ಮಂದಿಯನ್ನು, ನೋವಿದೆಯೇ ಇಲ್ಲವೇ ಎಂದು ಆರಿಸದೆ, ಸುಮ್ಮನೆ ಕರೆದು ಮಂಡಿಯ ಎಮ್ಮಾರೈ ಮಾಡಿದರು. 2008ರಲ್ಲಿ ಅದರ ಫಲ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ. ಹರಿದ ಮೆತ್ತೆ ಇಟ್ಟುಕೊಂಡು ತೋಟ, ಚರ್ಚು, ಅಂಗಡಿ ಅಂತ ಓಡಾಡಿಕೊಂಡಿದ್ದರು. ಅವರ ಕೈಗೊಂದು ದೊಡ್ಡ ಲಕೋಟೆ ಕೊಟ್ಟಿದ್ದರೆ ಮರುದಿನದಿಂದಲೇ ಕುಂಟುತ್ತಿದ್ದರೋ ಏನೋ. ನಾನಂತೂ ರಿಪೋರ್ಟ್ ಓದಿದ ರಾತ್ರಿ ಬಾತ್‌ರೂಮಿಗೂ ಗೋಡೆ ಹಿಡಿದೇ ಹೋದೆ.

ಹಾಗಾದರೆ ಮಂಡಿಯ ಒಳಗಿನ ನಿಜ ಸಂಗತಿ ಯಾರಿಗೆ ಗೊತ್ತು? ಒಳಗೆ ಹೋಗಿ ನೋಡಿದವರಿಗೆ. ಆ ಕತೆ ನಮ್ಮ ಶೆಟ್ರದು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಈಗ ಸ್ವಂತ ಕ್ಯಾಟರಿಂಗ್ ಇಟ್ಟಿರುವ ಮನುಷ್ಯ. ಜತೆಗೆ ಯಕ್ಷಗಾನದ ಹುಚ್ಚು. ಬಡಗುತಿಟ್ಟಿನಲ್ಲಿ ಅಭಿಮನ್ಯುವಿನಂಥ ವೇಷಕ್ಕೆ ಮಂಡಿ ಹಾಕಬೇಕು, ಎರಡೂ ಮೊಣಕಾಲೂರಿ ರಂಗದ ತುಂಬ ಗಿರಗಿರ ಸುತ್ತುವುದು. ಐವತ್ತು ದಾಟಿದ ಮೇಲೂ ಅಭಿಮನ್ಯುವೇ ಆಗಬೇಕೆಂದು ಶೆಟ್ರ ಹಟ. ಟ್ರಯಲಿನ ದಿನ ಮಂಡಿ ಹಾಕಿದವರು ಏಳಲಿಲ್ಲ. ಕಾಲು ಮಡಚಿದಲ್ಲಿಗೇ ಬೀಗ ಬಿದ್ದಿತ್ತು. ಭಾಗವತರು ಇದೂ ಅಭಿನಯವೆಂದು ತಿಳಿದು ಇನ್ನೊಂದು ಪದ ಎತ್ತಿಕೊಂಡರಂತೆ.

ಹೀಗೆ ಕಾಲು ಸಿಕ್ಕಿಕೊಂಡಾಗ ಯಾವ ವಾದವೂ ಇಲ್ಲ. ಮೆನಿಸ್ಕಸ್ಸಿನ ಹರಿದ ತುಂಡು ಮಗುಚಿ ಕೀಲಿನ ನಡುವೆ ಕೂತಿದೆ ಎಂದು ಎಮ್ಮಾರೈ ಹೇಳಿತು, ಶೆಟ್ರ ಕಾಲೂ ಅದನ್ನೇ ಹೇಳುತ್ತಿತ್ತು, ಲೆಕ್ಕ ತಾಳೆಯಾಯಿತು. ಆರ್ಥ್ರೋಸ್ಕೋಪಿ ಮಾಡಿದರು. ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ಶೆಟ್ರಿಗೆ ಎಚ್ಚರವಿತ್ತು, ಸ್ಕ್ರೀನು ಅವರ ಕಡೆಗೇ ತಿರುಗಿತ್ತು. ಆಮೇಲೆ ಆ ದೃಶ್ಯವನ್ನು ಅವರು ಕಂಡ ಕಂಡವರಿಗೆಲ್ಲ ಪ್ರಸಂಗ ಹೇಳಿದ ಹಾಗೆ ಹೇಳಿದ್ದಾರೆ. ಚಿಪ್ಪಿನ ಅಕ್ಕಪಕ್ಕ ಒಂದು ಸೆಂಟಿಮೀಟರೂ ಇಲ್ಲದ ಎರಡು ತೂತು. ಒಂದರಲ್ಲಿ ನಾಲ್ಕು ಮಿಲಿಮೀಟರ್ ದಪ್ಪದ ದುರ್ಬೀನು, ಅದರ ಕಣ್ಣು ಮೂವತ್ತು ಡಿಗ್ರಿ ಓರೆ. ತಿರುಗಿಸಿದರೆ ಮೂಲೆ ಮೂಲೆಯೂ ಕಾಣಬೇಕು. ಮೇಲೆ ತೂಗುಹಾಕಿದ ಚೀಲದಿಂದ ಉಪ್ಪುನೀರು ಒಳಗೆ ಹರಿದು ಕೀಲು ಉಬ್ಬಿ ನಿಂತಿತ್ತು. ಇನ್ನೊಂದು ತೂತಿನಿಂದ ಕೊಕ್ಕೆಯಂಥ ಕಡ್ಡಿ. “ಹೋಯ್, ನನ್ನದೇ ಮಂಡಿ ಮಾರಾಯ್ರೆ, ಕಂಡದ್ದು ಅವತ್ತೇ!” ಆರೋಗ್ಯದ ಕಾರ್ಟಿಲೇಜು ಬೊಂಡದೊಳಗಿನ ಎಳೆ ಗಂಜಿಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತಂತೆ. ಕಡ್ಡಿಯಿಂದ ಒತ್ತಿದರೆ ಗಟ್ಟಿ. ಒಂದು ಕಡೆ ನೋಡಲು ಅಷ್ಟೇ ಚೆಂದ, ಒತ್ತಿದರೆ ಕಡ್ಡಿ ಮೆತ್ತಗೆ ಒಳಗಿಳಿಯಿತು. “ಇದು ಶುರು” ಎಂದರಂತೆ ಸರ್ಜನ್. ಇನ್ನೊಂದು ಕಡೆ ಪದರ ಎಳೆ ಎಳೆಯಾಗಿ ಬಿಟ್ಟುಕೊಂಡು ನೀರಿನಲ್ಲಿ ತೂಗಾಡುತ್ತಿತ್ತು. ಆ ಮೆತ್ತಗಾದ ಜಾಗ ಎಮ್ಮಾರೈಗೆ ಕಂಡಿರಲೇ ಇಲ್ಲ. ಆಳದ ಕುಳಿಗಳನ್ನು ಯಂತ್ರ ಹೆಚ್ಚಾಗಿ ಬಿಡುವುದಿಲ್ಲ, ಆದರೆ ಮೊದಮೊದಲು ಮೆತ್ತಗಾದದ್ದನ್ನು ಎಷ್ಟೋ ಸಲ ಕಾಣದೆ ಬಿಡುತ್ತದೆ. ಅಷ್ಟು ದುಬಾರಿಯ ಯಂತ್ರಕ್ಕೆ ಸಿಗದ್ದು ಒಂದು ಕೊಕ್ಕೆಗೆ ಸಿಗುತ್ತದೆ ಎಂಬುದು ನನಗೆ ಬಹಳ ಹಿತವಾದ ಸಂಗತಿ.

ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರು ಜಪಾನಿನ ಕೆಂಜಿ ತಕಾಗಿ. 1918ರಲ್ಲಿ ಟೋಕಿಯೊದಲ್ಲಿ, ಮೂತ್ರಕೋಶ ನೋಡಲು ಇಟ್ಟಿದ್ದ ದುರ್ಬೀನನ್ನು ಶವದ ಮಂಡಿಯೊಳಗೆ ತೂರಿಸಿ ನೋಡಿದರು. ಆಗ ಕ್ಷಯ ಮಂಡಿಗೆ ಹತ್ತಿ ಕಾಲು ಮಡಚಲು ಬಾರದ ಹಾಗೆ ಸೆಟೆದುಹೋಗುತ್ತಿತ್ತು. ನೆಲದ ಮೇಲೆ ಕೂತು ಉಣ್ಣುವ, ನೆಲದ ಮೇಲೆ ಕೂತೇ ಅತಿಥಿಗಳನ್ನು ಕಾಣುವ ಜನಕ್ಕೆ ಅದು ಬರೀ ರೋಗವಲ್ಲ, ಪಂಕ್ತಿಯಿಂದಲೇ ಎಬ್ಬಿಸಿದ ಹಾಗೆ. ರೋಗ ಬೇಗ ತಿಳಿದರೆ ಮಂಡಿ ಉಳಿದೀತು ಎಂಬುದು ತಕಾಗಿಯ ಆಸೆ. ಅವರ ಶಿಷ್ಯ ಮಸಾಕಿ ವಾತಾನಾಬೆ ಅದನ್ನು ಕೆಲಸಕ್ಕೆ ಬರುವ ಸಲಕರಣೆ ಮಾಡಿದರು. 1962ರಲ್ಲಿ ಅದರ ಮೂಲಕವೇ ಮೆನಿಸ್ಕಸ್ಸಿನ ಹರಿದ ಭಾಗ ಕತ್ತರಿಸಿ ತೆಗೆದರು. ಅವರ ದುರ್ಬೀನಿನ ತುದಿಯಲ್ಲಿ ಪುಟ್ಟ ಬಲ್ಬು ಉರಿಯುತ್ತಿತ್ತು, ಒಮ್ಮೊಮ್ಮೆ ಅದು ಮಂಡಿಯೊಳಗೇ ಒಡೆಯುತ್ತಿತ್ತು. ಮಂಡಿಯಲ್ಲಿ ಏನೋ ಚುಚ್ಚುತ್ತಿದೆ ಎಂದು ಬಂದವರಿಗೆ ನಿಜಕ್ಕೂ ಚುಚ್ಚುವ ವಸ್ತು ಸಿಗುತ್ತಿತ್ತು.

ಶೆಟ್ರ ಕತೆ ಕೇಳಿ ಕೇಳಿ ನನಗೂ ಒಂದು ಸಲ ಒಳಗೆ ನೋಡಿಸಿಬಿಡೋಣ ಎನ್ನಿಸಿತು. ನಮ್ಮ ಡಾಕ್ಟರು ಒಪ್ಪಲಿಲ್ಲ. ಅದರ ಬದಲು ಒಂದು ಕತೆ ಹೇಳಿದರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬ್ರೂಸ್ ಮೋಸ್ಲಿ ಎಂಬ ಸರ್ಜನ್, ಮಂಡಿ ಸವೆದ 180 ಮಂದಿಯನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಒಳಗೆ ಕೆರೆದು ನಯ ಮಾಡಿದರು, ಇನ್ನೊಂದಕ್ಕೆ ತೊಳೆದರು. ಮೂರನೆಯದಕ್ಕೆ ಬರೀ ನಾಟಕ: ಚರ್ಮಕ್ಕೆ ಗೀರು ಹಾಕಿ, ಸಲಕರಣೆ ಕೊಡಿ ಎಂದು ಕೇಳಿ, ಕಾಲು ಎತ್ತಿ ಇಳಿಸಿ, ತೊಳೆಯುವ ಸದ್ದು ಬರಲೆಂದು ನೀರು ಚಿಮುಕಿಸಿ, ಹೊಲಿಗೆ ಹಾಕಿ ಕಳಿಸಿದರು. 2002ರಲ್ಲಿ ಲೆಕ್ಕ ಹೊರಬಿತ್ತು. ಎರಡು ವರ್ಷದ ತನಕ ನೋಡಿದರೂ ನಾಟಕದವರಿಗಿಂತ ಉಳಿದವರ ಮಂಡಿ ಒಂದಿಷ್ಟೂ ಮೇಲಾಗಿರಲಿಲ್ಲ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ತಜ್ಞರ ತಂಡವೊಂದು, ವಯಸ್ಸಿಗೆ ಸವೆದ ಮಂಡಿಗೆ ಆರ್ಥ್ರೋಸ್ಕೋಪಿ ಬೇಡವೆಂದೇ ಖಡಾಖಂಡಿತ ಹೇಳಿತು. “ಹಾಗಾಗಿ ಕಾಕಾ, ನಿಮಗೆ ತೊಡೆಯ ವ್ಯಾಯಾಮ. ನೋಡುವ ಚಪಲಕ್ಕೆ ತೂತು ಕೊರೆಯುವುದಿಲ್ಲ” ಎಂದರು ಡಾಕ್ಟರು. ಆಪರೇಷನ್ ಮಾಡಿದ್ದರೆ ಬರುತ್ತಿದ್ದ ದುಡ್ಡು ಬಿಟ್ಟು ಹೀಗೆ ಹೇಳುವವರನ್ನು ನಾನು ಸುಮ್ಮನೆ ನಂಬುತ್ತೇನೆ. ನನ್ನಾಕೆ ಮಾತ್ರ, ಇಷ್ಟು ದೊಡ್ಡ ಲಕೋಟೆ ತಂದು ಬರೀ ಕಾಲೆತ್ತಿ ಇಳಿಸುವುದೇ ಎಂದು ಇನ್ನೂ ಗೊಣಗುತ್ತಾಳೆ.

ಶೆಟ್ರಿಗೆ ಸರ್ಜನ್ ಮಂಡಿ ಹಾಕುವುದನ್ನು ಕಾಯಂ ನಿಷೇಧಿಸಿದರು. ಕೆಲವು ದಿನ ಅವರು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಮ್ಮ ಯಕ್ಷಗಾನ ಸಂಘದವರೇ ಹೋಗಿ, ಕುಣಿತವಿಲ್ಲದ ತಾಳಮದ್ದಳೆಗೆ ಬನ್ನಿ, ಕೃಷ್ಣನ ಅರ್ಥ ಹೇಳಿ ಎಂದು ಒಪ್ಪಿಸಿದರು. ಬಂದವರು ನೆಲದ ಮೇಲೆ ಹಾಸಿದ ಜಮಖಾನೆ ನೋಡಿ ಬಾಗಿಲಲ್ಲೇ ನಿಂತರು. ಮೂರು ಗಂಟೆ ಚಕ್ಕಳಮಕ್ಕಳ ಕೂರಬೇಕಾದರೆ ಮಂಡಿ ಹಾಕುವುದೇ ವಾಸಿ ಮಾರಾಯ್ರೆ ಎಂದರು. ಕುರ್ಚಿ ತರಿಸಿದೆವು. ಕೃಷ್ಣನಿಗೆ ಕುರ್ಚಿ ಬಂದ ಮೇಲೆ, ಗುಮಾಸ್ತನಾಗಿ ನಿವೃತ್ತನಾದ ನಮ್ಮ ಕೌರವ ತನಗೂ ಬೇಕೆಂದ. ಸಾರ್ವಭೌಮ ನೆಲದ ಮೇಲೆ ಕೂರುವುದೆಂದರೇನು? ಬಲಗಾಲಿಗೆ ನೀಕ್ಯಾಪ್ ಹಾಕಿದ್ದ ವಿದುರ ಏನೂ ಹೇಳದೆ ತಾನೇ ಒಂದು ಕುರ್ಚಿ ಎಳೆದುಕೊಂಡ. ಭೀಷ್ಮನ ಸರದಿ ಬರುವಷ್ಟರಲ್ಲಿ ಹಾಲಿನ ಕುರ್ಚಿಗಳೆಲ್ಲ ವೇದಿಕೆ ಏರಿದ್ದವು. ಜಮಖಾನೆಯ ಮೇಲೆ ಕೂತದ್ದು ಪ್ರೇಕ್ಷಕರಾದ ನಾವು.